ಖಿನ್ನತೆಗೆ ‘ಅಡ್ಡಾಡಿ ಬಾ’ ಅನ್ನೋದು ಒಳ್ಳೆ ಸಲಹೆ, ಆದ್ರೆ ಒಬ್ಬರನ್ನೇ ಕಳಿಸಿದರೆ ಸಾಲದು

ಕಂಪ್ಲಿ: ಬೆಳಿಗ್ಗೆ ಐದೂವರೆಗೆ ಕೋಟೆ ಕಡೆಯಿಂದ ಹೊಳೆ ದಾರಿಯಲ್ಲಿ ನಿಂತು ನೋಡಿ. ಕಿವಿಗೆ ಮಫ್ಲರ್ ಸುತ್ತಿಕೊಂಡು ಬಿರಬಿರನೆ ನಡೆಯುವವರು, ಮೊಬೈಲ್‌ನಲ್ಲಿ ಹಾಡು ಹಚ್ಚಿಕೊಂಡು ನಿಧಾನಕ್ಕೆ ಬರುವವರು ಸಿಗುತ್ತಾರೆ. ಯಾಕ್ರೀ ವಾಕಿಂಗ್ ಅಂತ ಕೇಳಿದರೆ ಉತ್ತರ ರೆಡಿ ಇರುತ್ತದೆ. ‘ಶುಗರ್ ಬಂದೈತ್ರಿ’, ‘ಬಿಪಿ ಐತಿ, ಡಾಕ್ಟರು ಹೇಳ್ಯಾರ’. ಯಾರಿಗೂ ಇದರಲ್ಲಿ ಸಂಕೋಚ ಇಲ್ಲ. ಆದರೆ ‘ಮನಸ್ಸಿಗೆ ಭಾಳ ಬ್ಯಾಸರ ಆಗಿತ್ತು, ಡಾಕ್ಟರ್ ಹತ್ರ ಹೋಗಿದ್ದೆ, ಅವರು ನಡೀರಿ ಅಂದ್ರು’ ಅಂತ ಹೇಳುವವರು ಎಷ್ಟು ಜನ ಸಿಕ್ಕಾರು?

ಅಂಥವರು ಊರಲ್ಲಿ ಇಲ್ಲ ಅಂತಲ್ಲ. ಅವರು ಆ ಹೊತ್ತಿಗೆ ಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾರೆ. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಏಳಲು ಮನಸ್ಸಿಲ್ಲ. ಮನೆಯವರು ತಮಗೆ ತಿಳಿದ ಮದ್ದು ಹೇಳುತ್ತಾರೆ: ‘ಎದ್ದೇಳಪ್ಪ, ಹೊರಗ ಹೋಗಿ ಅಡ್ಡಾಡಿ ಬಾ. ಎಲ್ಲಾ ಸರಿ ಹೋಗ್ತೈತಿ’.

ಈ ಸಲಹೆ ತಪ್ಪಲ್ಲ. ವಿಜ್ಞಾನವೂ ಈಗ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದೆ. ಆದರೂ ಈ ಸಲಹೆಯಿಂದ ಹಾಸಿಗೆ ಬಿಟ್ಟು ಎದ್ದವರು ಕಡಿಮೆ. ಯಾಕೆ ಹೀಗೆ, ನಮ್ಮ ಕಂಪ್ಲಿ, ಹೊಸಪೇಟೆ, ಸಂಡೂರು ಭಾಗದಲ್ಲಿ ಇದಕ್ಕೆ ಏನು ಮಾಡಬಹುದು ಅನ್ನೋದೇ ಈ ಬರಹದ ವಿಷಯ.

ಬ್ಯಾಸರ ಬೇರೆ, ಖಿನ್ನತೆ ಬೇರೆ

ಬೆಳೆ ಕೈಕೊಟ್ಟರೆ, ಮನೆಯಲ್ಲಿ ಸಾವಾದರೆ, ಮಗ ಪರೀಕ್ಷೆಯಲ್ಲಿ ಫೇಲಾದರೆ ಬೇಸರ ಆಗುವುದು ಸಹಜ. ನಾಲ್ಕು ದಿನಕ್ಕೆ, ಎಂಟು ದಿನಕ್ಕೆ ಅದು ಇಳಿಯುತ್ತದೆ. ಖಿನ್ನತೆ ಹಾಗಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿರುತ್ತದೆ. ಮೊದಲು ಇಷ್ಟಪಟ್ಟಿದ್ದು ಯಾವುದೂ ರುಚಿಸುವುದಿಲ್ಲ. ನಿದ್ದೆ, ಊಟ ಏರುಪೇರಾಗುತ್ತದೆ. ‘ನನ್ನಿಂದ ಯಾರಿಗೂ ಉಪಯೋಗ ಇಲ್ಲ’ ಅನ್ನುವ ಯೋಚನೆ ಬರುತ್ತದೆ. ಕೆಲವರಿಗೆ ಬದುಕೇ ಬೇಡ ಅನಿಸುತ್ತದೆ.

ನಮ್ಮ ಕಡೆ ಇದು ಬಹಳ ಸಲ ಮನಸ್ಸಿನ ಹೆಸರಲ್ಲಿ ಬರುವುದೇ ಇಲ್ಲ. ಮೈಕೈ ನೋವು, ಸುಸ್ತು, ತಲೆಭಾರ, ಎದೆಯೊಳಗೆ ಏನೋ ಹಿಂಡಿದಂಗೆ ಅಂತ ಬರುತ್ತದೆ. ಆರ್‌ಎಂಪಿ ಡಾಕ್ಟರ್ ಹತ್ತಿರ ಹೋಗಿ ಒಂದು ಸೂಜಿ, ಒಂದು ಸಲೈನ್ ಹಾಕಿಸಿಕೊಂಡು ಬರುತ್ತಾರೆ. ಎರಡು ದಿನ ಹಗುರ ಅನಿಸುತ್ತದೆ, ಮೂರನೇ ದಿನಕ್ಕೆ ಮತ್ತದೇ.

ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತ್ತು. 18 ವರ್ಷ ದಾಟಿದ ಪ್ರತಿ 20 ಜನರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ ಅನ್ನೋದು ಅದರ ಲೆಕ್ಕ. ಖಿನ್ನತೆ ಇರುವ ಪ್ರತಿ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಹಾಗಂತ ನಮ್ಮಲ್ಲಿ ಕಥೆ ಬೇರೆ ಇದೆ ಅಂದುಕೊಳ್ಳಲು ಕಾರಣವೂ ಇಲ್ಲ.

ನಡಿಗೆ ನಿಜಕ್ಕೂ ಕೆಲಸ ಮಾಡುತ್ತಾ?

ಮಾಡುತ್ತದೆ. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ದೊಡ್ಡ ವಿಶ್ಲೇಷಣೆ ಪ್ರಕಟವಾಯಿತು. ಖಿನ್ನತೆ ಇರುವವರ ಮೇಲೆ ವ್ಯಾಯಾಮದ ಪರಿಣಾಮ ನೋಡಿದ 218 ಅಧ್ಯಯನಗಳನ್ನು, 14 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ್ದರು. ನಡಿಗೆ ಅಥವಾ ಜಾಗಿಂಗ್, ಯೋಗ, ಭಾರ ಎತ್ತುವ ವ್ಯಾಯಾಮ ಈ ಮೂರೂ ಚೆನ್ನಾಗಿ ಫಲ ಕೊಟ್ಟಿದ್ದವು. ಸ್ವಲ್ಪ ಬೆವರು ಬರುವಂತೆ ಮಾಡಿದರೆ ಲಾಭ ಹೆಚ್ಚು, ನಿಧಾನಕ್ಕೆ ನಡೆದರೂ ಲಾಭ ಇದ್ದೇ ಇದೆ. ಇಂಥ ಅಧ್ಯಯನಗಳಲ್ಲಿ ಹಲವು ಸಣ್ಣವು, ಕೊರತೆ ಇರುವಂಥವು ಅನ್ನುವುದನ್ನೂ ಸಂಶೋಧಕರು ಒಪ್ಪಿಕೊಂಡಿದ್ದಾರೆ. ಹಾಗಾಗಿ ‘ಮಾತ್ರೆ ಬೇಡ, ನಡಿಗೆ ಸಾಕು’ ಅಂತ ಇದನ್ನು ಓದಿಕೊಳ್ಳಬಾರದು. ಮಾತ್ರೆ ಮತ್ತು ಆಪ್ತಸಮಾಲೋಚನೆ ಜೊತೆಗೆ ನಡಿಗೆಗೂ ಚಿಕಿತ್ಸೆಯ ಸಾಲಿನಲ್ಲಿ ಜಾಗ ಕೊಡಿ ಅನ್ನೋದು ಇದರ ತಾತ್ಪರ್ಯ.

ಹೊರಗಡೆ ಗಿಡಮರ ಇರುವ ಕಡೆ ನಡೆಯುವುದರಲ್ಲಿ ಇನ್ನೊಂದು ಲಾಭ ಇದೆ. 2015ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೆಲವರನ್ನು 90 ನಿಮಿಷ ಮರಗಿಡಗಳ ನಡುವೆ, ಇನ್ನು ಕೆಲವರನ್ನು ಅಷ್ಟೇ ಹೊತ್ತು ವಾಹನ ಓಡಾಡುವ ರಸ್ತೆ ಬದಿ ನಡೆಸಿ ನೋಡಿದರು. ಮರಗಿಡಗಳ ನಡುವೆ ನಡೆದವರಲ್ಲಿ ಒಂದೇ ಯೋಚನೆಯನ್ನು ತಿರುತಿರುಗಿ ಕೆದಕುವುದು ಕಡಿಮೆಯಾಗಿತ್ತು. ಅವರು ಖಿನ್ನತೆ ಇರುವ ರೋಗಿಗಳಲ್ಲ, ಆರೋಗ್ಯವಂತರು. ಆದರೂ ಖಿನ್ನತೆಯಲ್ಲಿ ಮನುಷ್ಯನನ್ನು ತಿನ್ನುವುದು ಈ ಕೆದಕುವ ಯೋಚನೆಯೇ ಆದ್ದರಿಂದ ಈ ಮಾತಿಗೆ ಬೆಲೆ ಇದೆ.

ಹೊಲದಲ್ಲಿ ದುಡಿಯೋದು ವ್ಯಾಯಾಮ ಅಲ್ವಾ?

ಈ ಪ್ರಶ್ನೆ ಬಂದೇ ಬರುತ್ತದೆ. ‘ನಮ್ಮ ಹೆಣ್ಮಕ್ಕಳು ದಿನಪೂರ್ತಿ ಸೊಂಟ ಬಗ್ಗಿಸಿ ನಾಟಿ ಹಚ್ಚತಾರ. ಅವರಿಗೆ ಮತ್ಯಾವ ವಾಕಿಂಗು?’

ಇದಕ್ಕೆ ಉತ್ತರ ಸ್ವಲ್ಪ ಆಶ್ಚರ್ಯ ಹುಟ್ಟಿಸುತ್ತದೆ. ಬಿಡುವಿನ ವೇಳೆಯಲ್ಲಿ ತಾವಾಗಿ ಇಷ್ಟಪಟ್ಟು ಮಾಡುವ ನಡಿಗೆ, ಆಟ, ವ್ಯಾಯಾಮಕ್ಕೂ ಖಿನ್ನತೆ ಕಡಿಮೆ ಇರುವುದಕ್ಕೂ ನಂಟು ಇದೆ ಅಂತ ಅಧ್ಯಯನಗಳು ತೋರಿಸಿವೆ. ಹೊಟ್ಟೆಪಾಡಿಗೆ ಮಾಡುವ ದುಡಿಮೆ ಮತ್ತು ಮನೆಗೆಲಸದಲ್ಲಿ ಅಂಥ ನಂಟು ಸ್ಪಷ್ಟವಾಗಿ ಕಂಡಿಲ್ಲ. ಮೈ ಎರಡರಲ್ಲೂ ದಣಿಯುತ್ತದೆ. ಆದರೆ ಒಂದರಲ್ಲಿ ನಿಲ್ಲುವ ಸ್ವಾತಂತ್ರ್ಯ ನಮ್ಮದು, ಇನ್ನೊಂದರಲ್ಲಿ ಮೇಸ್ತ್ರಿಯದು. ಒಂದರಲ್ಲಿ ತಲೆ ಎತ್ತಿ ಗುಡ್ಡ ನೋಡಬಹುದು, ಇನ್ನೊಂದರಲ್ಲಿ ಸಾಲು ಮುಗಿಯುವ ತನಕ ಕೆಸರು ನೋಡಬೇಕು.

ದುಡಿಯುವವರಿಗೆ ಖಿನ್ನತೆ ಬರಲ್ಲ ಅನ್ನುವ ನಂಬಿಕೆಯಿಂದಲೇ ನಮ್ಮ ಭಾಗದ ಕೂಲಿ ಹೆಣ್ಣುಮಕ್ಕಳ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅಡುಗೆ ಮುಗಿಸಿ ಟಂಟಂ ಹತ್ತುವ ಹೆಣ್ಣುಮಗಳಿಗೆ ತನ್ನದು ಅಂತ ಅರ್ಧ ಗಂಟೆ ಎಲ್ಲಿದೆ? ಅವಳಿಗೆ ‘ವಾಕಿಂಗ್ ಮಾಡಮ್ಮ’ ಅಂತ ಹೇಳುವ ಮೊದಲು ಆ ಅರ್ಧ ಗಂಟೆ ಬಿಡಿಸಿಕೊಡಬೇಕಾದವರು ಮನೆಯವರು.

ನೀರಿಲ್ಲದ ಹಂಗಾಮು, ಕೆಲಸವಿಲ್ಲದ ಕಟ್ಟೆ

ಇನ್ನೊಂದು ಕಡೆ ಇದರ ತದ್ವಿರುದ್ಧ ಪರಿಸ್ಥಿತಿ ಇದೆ. ನಮ್ಮ ಭಾಗದ ಬದುಕಿನ ಗಡಿಯಾರ ತುಂಗಭದ್ರಾ ಜಲಾಶಯ. 2024ರ ಆಗಸ್ಟ್ 10ರ ರಾತ್ರಿ 33 ಕ್ರಸ್ಟ್ ಗೇಟ್‌ಗಳ ಪೈಕಿ 19ನೆಯದು ಕೊಚ್ಚಿ ಹೋದಾಗ ತಾತ್ಕಾಲಿಕ ಗೇಟ್ ಕೂರಿಸುವ ತನಕ ಅಚ್ಚುಕಟ್ಟು ಪ್ರದೇಶದ ರೈತರು ಹೇಗೆ ದಿನ ದೂಡಿದರು ಅನ್ನೋದು ಎಲ್ಲರಿಗೂ ನೆನಪಿದೆ. ಗುತ್ತಿಗೆಗೆ ಜಮೀನು ಹಿಡಿದವರಿಗಂತೂ ನಿದ್ದೆಯೇ ಇರಲಿಲ್ಲ.

ಎರಡನೇ ಬೆಳೆಗೆ ನೀರಿಲ್ಲ ಅಂದ ವರ್ಷ ನಾವು ಲೆಕ್ಕ ಹಾಕುವುದು ಎಕರೆಗೆ ಎಷ್ಟು ಚೀಲ ಹೋಯಿತು, ಸಾಲ ಎಷ್ಟು ಉಳಿಯಿತು ಅಂತ. ಹೋಗುವುದು ಹಣ ಮಾತ್ರ ಅಲ್ಲ. ಬೆಳಿಗ್ಗೆ ಎದ್ದು ಗದ್ದೆಗೆ ಹೋಗುವ ಕಾರಣ ಹೋಗುತ್ತದೆ. ನೀರು ಕಟ್ಟುವ ನೆಪದಲ್ಲಿ ಪಕ್ಕದ ಹೊಲದವರ ಜೊತೆ ಆಡುವ ಮಾತು ಹೋಗುತ್ತದೆ. ತಿಂಗಳುಗಟ್ಟಲೆ ಕಟ್ಟೆ ಮೇಲೆ ಕೂಡುವುದು, ಸಂಜೆಗೆ ವೈನ್‌ಶಾಪ್, ರಾತ್ರಿ ಸಾಲದ ಯೋಚನೆ. ಇಷ್ಟೇ ಉಳಿಯುತ್ತದೆ.

ಖಿನ್ನತೆ ಬೆಳೆಯುವುದು ಹೀಗೆಯೇ ಅಂತ ಮನೋವಿಜ್ಞಾನ ಹೇಳುತ್ತದೆ. ಚಟುವಟಿಕೆ ಕಡಿಮೆ ಆದರೆ ಖುಷಿ ಕೊಡುವ ಸಂಗತಿಗಳೂ ಕಡಿಮೆ ಆಗುತ್ತವೆ. ಖುಷಿ ಕಡಿಮೆ ಆದರೆ ಹುಮ್ಮಸ್ಸು ಇಳಿಯುತ್ತದೆ. ಹುಮ್ಮಸ್ಸು ಇಳಿದರೆ ಚಟುವಟಿಕೆ ಇನ್ನೂ ಕಡಿಮೆ. ಗಾಣದ ಎತ್ತಿನ ಹಾಗೆ ಅಲ್ಲಲ್ಲೇ ಸುತ್ತು. ಇದನ್ನು ಎಲ್ಲಾದರೂ ಒಂದು ಕಡೆ ತುಂಡು ಮಾಡಬೇಕು. ಹುಮ್ಮಸ್ಸು ಬರಲಿ, ಆಮೇಲೆ ಹೊರಗೆ ಹೋಗುತ್ತೇನೆ ಅಂದರೆ ಅದು ಬರುವುದಿಲ್ಲ. ಮೊದಲು ಹೊರಗೆ ಕಾಲಿಡಬೇಕು, ಹುಮ್ಮಸ್ಸು ಆಮೇಲೆ ನಿಧಾನಕ್ಕೆ ಹಿಂದಿಂದ ಬರುತ್ತದೆ.

ಹೇಳುವುದು ಸುಲಭ. ಖಿನ್ನತೆ ಕಸಿದುಕೊಳ್ಳುವುದೇ ಆ ಮೊದಲ ಹೆಜ್ಜೆಯ ಶಕ್ತಿಯನ್ನು. ಕಾಲು ಮುರಿದವನಿಗೆ ‘ನಡೆದರೆ ಸರಿ ಹೋಗ್ತೈತಿ’ ಅಂದಂಗೆ ಆಗುತ್ತದೆ. ಅದಕ್ಕೇ ಇಲ್ಲಿ ಎರಡನೇ ಮನುಷ್ಯ ಬೇಕು.

ಗೋವಾದಲ್ಲಿ ಮಾಡಿ ತೋರಿಸಿದ್ದು

ಪಕ್ಕದ ಗೋವಾದಲ್ಲಿ ಸಂಗಾತ್ ಅನ್ನುವ ಸಂಸ್ಥೆ, ಮನೋವೈದ್ಯ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷೆ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ, ಖಿನ್ನತೆ ಹೆಚ್ಚಿರುವ ಜನರಿಗೆ ಸ್ಥಳೀಯರೇ ಆದ ಸಾಮಾನ್ಯ ಆಪ್ತಸಮಾಲೋಚಕರನ್ನು ಜೊತೆ ಮಾಡಿದರು. ಇವರು ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ತರಬೇತಿ ಪಡೆದ ಊರಿನವರು. ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ, ಒಟ್ಟು ಆರರಿಂದ ಎಂಟು ಭೇಟಿ. ಮಾಡುತ್ತಿದ್ದ ಮುಖ್ಯ ಕೆಲಸ ಒಂದೇ: ನಿಂತುಹೋದ ದಿನಚರಿಯನ್ನು ಸಣ್ಣಸಣ್ಣ ತುಂಡು ಮಾಡಿ ಮತ್ತೆ ಶುರು ಮಾಡಿಸುವುದು. ಈ ವಾರ ಅಂಗಡಿ ತನಕ ನಡೆಯಿರಿ, ಮುಂದಿನ ವಾರ ಗೆಳೆಯನನ್ನು ಭೇಟಿ ಮಾಡಿ, ಹೀಗೆ. ಈ ಬೆಂಬಲ ಸಿಕ್ಕವರಲ್ಲಿ ಹೆಚ್ಚು ಜನ ಚೇತರಿಸಿಕೊಂಡರು ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ 2017ರಲ್ಲಿ ವರದಿ ಬಂತು.

ಅಂದರೆ ಕೆಲಸ ಮಾಡಿದ್ದು ಬರೀ ಸಲಹೆ ಅಲ್ಲ. ‘ಹೋದ ವಾರ ಹೋಗಿದ್ರಾ? ಯಾಕೆ ಆಗಲಿಲ್ಲ? ಹಂಗಾದ್ರೆ ಇನ್ನೂ ಸಣ್ಣದು ಮಾಡೋಣ’ ಅಂತ ಮತ್ತೆ ಬಂದು ಕೇಳುವ ಒಬ್ಬ ಮನುಷ್ಯ.

ದೇಶಕ್ಕೆ ದಾರಿ ತೋರಿಸಿದ್ದು ನಮ್ಮ ಜಿಲ್ಲೆ

ಇದನ್ನು ಓದಿ ‘ಅದೆಲ್ಲಾ ನಮ್ಮಂಥ ಕಡೆ ಆಗುತ್ತಾ’ ಅನ್ನುವವರಿಗೆ ಒಂದು ಮಾತು ನೆನಪಿಸಬೇಕು. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡಬಹುದು ಅಂತ ಜಿಲ್ಲಾ ಮಟ್ಟದಲ್ಲಿ ದೇಶಕ್ಕೆ ತೋರಿಸಿಕೊಟ್ಟಿದ್ದು ಬಳ್ಳಾರಿ.

1980ರ ದಶಕದ ಮಧ್ಯದಲ್ಲಿ ನಿಮ್ಹಾನ್ಸ್ ಅಂದಿನ ಅಖಂಡ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಅಗತ್ಯ ಮಾತ್ರೆಗಳು ಅಲ್ಲಿಯೇ ಸಿಗುವ ಹಾಗೆ ಮಾಡಿತು. ‘ಬಳ್ಳಾರಿ ಮಾದರಿ’ ಅಂತಲೇ ಅದು ಹೆಸರಾಯಿತು. ಅದರ ಆಧಾರದ ಮೇಲೆ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಇವತ್ತು ದೇಶದ ಎಲ್ಲೇ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಕ್ಕರೆ ಅದರ ಹಿಂದೆ ನಮ್ಮ ಜಿಲ್ಲೆಯ ಹೆಸರೂ ಇದೆ. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆ ಆಯಿತು. ಹೊಸಪೇಟೆ ಆ ಕಡೆ, ಕಂಪ್ಲಿ ಮತ್ತು ಸಂಡೂರು ಈ ಕಡೆ ಉಳಿದವು. ಈ ಆಸ್ತಿ ಮಾತ್ರ ಇಬ್ಬರಿಗೂ ಸೇರಿದ್ದು.

ಆ ಮಾದರಿಯಲ್ಲಿ ಹೆಚ್ಚು ಒತ್ತು ಇದ್ದದ್ದು ತೀವ್ರ ಮಾನಸಿಕ ಕಾಯಿಲೆ ಮತ್ತು ಮೂರ್ಛೆರೋಗದ ಮೇಲೆ. ಅಂದಿಗೆ ಅದೇ ತುರ್ತು. ಸದ್ದಿಲ್ಲದೆ ಮೂಲೆಯಲ್ಲಿ ಮಲಗುವ ಖಿನ್ನತೆ ಹಿಂದೆ ಉಳಿಯಿತು. 40 ವರ್ಷದ ನಂತರ ಆ ಬಾಕಿ ಕೆಲಸ ಮಾಡಲು ನಮ್ಮ ಹತ್ತಿರ ಮೊದಲಿಗಿಂತ ಹೆಚ್ಚು ಅನುಕೂಲ ಇದೆ. ಆಶಾ ಕಾರ್ಯಕರ್ತೆಯರು ಇದ್ದಾರೆ, ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮ ಇದೆ. ಬಿಪಿ ಚೀಟಿಯಲ್ಲಿ ‘ಉಪ್ಪು ಕಡಿಮೆ, ದಿನಾ ನಡಿಗೆ’ ಅಂತ ಬರೆದಂತೆ ಖಿನ್ನತೆಯ ಚೀಟಿಯಲ್ಲೂ ‘ದಿನಾ 10 ನಿಮಿಷ ನಡಿಗೆ, ಜೊತೆಗೆ ಯಾರು?’ ಅಂತ ಬರೆಯಬಹುದು. ಆಶಾ ಅಕ್ಕ ಮನೆಗೆ ಬಂದಾಗ ಮಾತ್ರೆ ಜೊತೆ ಇದನ್ನೂ ಕೇಳಬಹುದು. ಆದರೆ ಇರುವ ಹತ್ತು ಕೆಲಸದ ಮೇಲೆ ಹನ್ನೊಂದನೆಯದಾಗಿ ಪುಕ್ಕಟೆ ಹೇರಬಾರದು. ತರಬೇತಿ ಮತ್ತು ಪ್ರೋತ್ಸಾಹಧನ ಕೊಟ್ಟು ಮಾಡಿಸಬೇಕು.

ನಡೆಯಲು ಜಾಗ ಎಲ್ಲಿದೆ?

ಹಂಪಿಯ ಮಾತಂಗ ಬೆಟ್ಟದ ಮೇಲೆ ಸೂರ್ಯೋದಯ ನೋಡಲು ದೂರದ ದೇಶದಿಂದ ಬರುತ್ತಾರೆ. ಅಂಜನಾದ್ರಿಯ ಮೆಟ್ಟಿಲು ಹತ್ತಲು ಉತ್ತರ ಭಾರತದಿಂದ ಬರುತ್ತಾರೆ. ನಮ್ಮಲ್ಲಿ ಎಷ್ಟೋ ಜನ ಹಂಪಿಗೆ ಹೋಗುವುದು ಮನೆಗೆ ನೆಂಟರು ಬಂದಾಗ ಮಾತ್ರ. ಸಂಡೂರಿನ ಹಸಿರು ಗುಡ್ಡ, ಕಮಲಾಪುರದ ಕೆರೆ, ನಮ್ಮ ಹೊಳೆ ದಂಡೆ ಎಲ್ಲವೂ ಕೈಗೆಟುಕುವ ದೂರದಲ್ಲಿವೆ.

ಆದರೆ ದಿನನಿತ್ಯದ ನಡಿಗೆಗೆ ಬೆಟ್ಟ ಬೇಕಿಲ್ಲ, ಓಣಿಯಿಂದ ಐದು ನಿಮಿಷದ ದೂರದಲ್ಲಿ ಒಂದು ಮೈದಾನ ಬೇಕು. ಅಲ್ಲಿ ಲೈಟು, ಕೂಡಲು ಬೆಂಚು, ಹೆಣ್ಣುಮಕ್ಕಳಿಗೆ ಶೌಚಾಲಯ ಇರಬೇಕು, ನಾಯಿಗಳ ಕಾಟ ಇರಬಾರದು. ಸುಗ್ಗಿಯಲ್ಲಿ ಭತ್ತದ ಟ್ರ್ಯಾಕ್ಟರ್, ಲಾರಿ ಓಡುವ ರಸ್ತೆ ಬದಿಯಲ್ಲಿ ಕತ್ತಲಲ್ಲಿ ಹೆಣ್ಣುಮಕ್ಕಳು ನಡೆಯುವುದು ಆಗದ ಮಾತು. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರ ನಂತರ ಬಿಸಿಲಿಗೆ ಹೊರಗೆ ಕಾಲಿಡಲೂ ಆಗಲ್ಲ. ಪುರಸಭೆ ಮತ್ತು ಶಿಕ್ಷಣ ಇಲಾಖೆ ಸೇರಿ ಶಾಲಾ ಕಾಲೇಜು ಮೈದಾನಗಳ ಗೇಟನ್ನು ಬೆಳಿಗ್ಗೆ, ಸಂಜೆ ಎರಡೆರಡು ಗಂಟೆ ಸಾರ್ವಜನಿಕರಿಗೆ ತೆರೆದು ಲೈಟು ಹಾಕಿದರೆ ಅರ್ಧ ಕೆಲಸ ಆದಂತೆ. ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಶಾಲೆಗಳಲ್ಲಿ ಆಟದ ಪಿರಿಯಡ್ ಅನ್ನು ಗಣಿತದ ಸರ್‌ಗೆ ಬಿಟ್ಟುಕೊಡುವ ಪದ್ಧತಿ ನಿಲ್ಲಿಸಲು ಒಂದು ರೂಪಾಯಿಯೂ ಖರ್ಚಿಲ್ಲ.

ಜೊತೆಗೆ ನಡೆಯೋದು ನಮಗೆ ಗೊತ್ತಿಲ್ಲದ್ದಲ್ಲ

ಕೊಟ್ಟೂರೇಶ್ವರ ತೇರಿಗೆ ಪ್ರತಿ ವರ್ಷ ಸಾವಿರಾರು ಜನ ಎಷ್ಟೋ ಮೈಲಿ ನಡೆದು ಹೋಗುತ್ತಾರೆ. ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ನಡೆದು ಹೋಗುವವರಿದ್ದಾರೆ. ಆ ಗುಂಪಿನಲ್ಲಿ ದಿನಾ ನೂರು ಹೆಜ್ಜೆಯೂ ನಡೆಯದವರು ಇರುತ್ತಾರೆ, ಆದರೂ ನಡೆಯುತ್ತಾರೆ. ಯಾಕೆಂದರೆ ದಿನ ಗೊತ್ತಾಗಿದೆ, ಜೊತೆಗೆ ಜನ ಇದ್ದಾರೆ, ದಾರಿಯಲ್ಲಿ ನೀರು, ಊಟ ಕೊಡುವವರು ಇದ್ದಾರೆ, ‘ಯಾಕೆ ನಡೀತಿ’ ಅಂತ ಯಾರೂ ಕೇಳುವುದಿಲ್ಲ. ಊರೂರಲ್ಲಿ ಇದ್ದ ಗರಡಿಮನೆ ಕೂಡ ಬರೀ ಮೈ ಬೆಳೆಸುವ ಜಾಗ ಆಗಿರಲಿಲ್ಲ. ಇವತ್ತು ಯಾಕೆ ಬರಲಿಲ್ಲ ಅಂತ ಕೇಳುವ ಹಿರಿಯರು ಅಲ್ಲಿದ್ದರು.

ಖಿನ್ನತೆ ಇರುವವರಿಗೂ ಬೇಕಿರುವುದು ಇದೇ. ಮನೆಯಲ್ಲಿ ಅಂಥವರು ಇದ್ದರೆ ಹೀಗೆ ಶುರು ಮಾಡಬಹುದು:

• ಹೊತ್ತು ಗೊತ್ತು ಮಾಡಿ. ಚಹಾ ಕುಡಿದ ಮೇಲೆ ಅಂತ ಇದ್ದರೆ ದಿನಾ ಚಹಾ ಕುಡಿದ ಮೇಲೆಯೇ.

• ಮೊದಲ ವಾರ ಓಣಿ ತುದಿ ತನಕ, ಹತ್ತು ನಿಮಿಷ ಸಾಕು. ಆಗದ ದಿನ ಹೊಸ್ತಿಲು ದಾಟಿ ಕಟ್ಟೆ ಮೇಲೆ ಬೆಳಕಿನಲ್ಲಿ ಕೂತರೂ ನಡೆದೀತು.

• ನಿಧಾನಕ್ಕೆ ವಾರಕ್ಕೆ 150 ನಿಮಿಷದ ಕಡೆ ಹೋಗಿ. ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಲೆಕ್ಕ ಇದು. ಒಂದೇ ದಿನಕ್ಕೆ ತಲುಪಬೇಕಿಲ್ಲ.

• ದಾರಿಯಲ್ಲಿ ಬುದ್ಧಿ ಹೇಳಬೇಡಿ. ಮಾತಾಡಿದರೆ ಕೇಳಿ, ಸುಮ್ಮನಿದ್ದರೆ ಸುಮ್ಮನೆ ನಡೆಯಿರಿ.

• ಒಂದು ದಿನ ತಪ್ಪಿದರೆ ಬೈಯಬೇಡಿ. ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ಬಾಗಿಲಿಗೆ ಹೋಗಿ.

• ಚಿರತೆ, ಕರಡಿ ಓಡಾಡುವ ಗುಡ್ಡದ ಕಡೆ ಬೆಳಗಿನ ಜಾವ ಬೇಡ. ಡ್ಯಾಂನಿಂದ ನೀರು ಬಿಟ್ಟಾಗ ಹೊಳೆ ಹತ್ತಿರವೂ ಬೇಡ.

ಎಲ್ಲಿ ನಡಿಗೆ ಸಾಲುವುದಿಲ್ಲ

ಊಟ, ನಿದ್ದೆ ಪೂರ್ತಿ ಬಿಟ್ಟವರು, ಹಾಸಿಗೆಯಿಂದ ಏಳದವರು, ಬಾಣಂತನದ ನಂತರ ಮಂಕಾಗಿ ಮಗುವನ್ನು ನೋಡದವರು, ಸಾಯುವ ಮಾತು ಆಡುವವರು. ಇವರಿಗೆ ಮೊದಲು ಡಾಕ್ಟರು, ಆಮೇಲೆ ನಡಿಗೆ. ಸಾಯುವ ಮಾತು ಆಡುವವರನ್ನು ‘ಹೊರಗ ಅಡ್ಡಾಡಿ ಬಾ’ ಅಂತ ಒಬ್ಬರನ್ನೇ ಕಳಿಸಲೇಬೇಡಿ. ನೇರವಾಗಿ ಕೇಳಿ, ಜೊತೆಗಿರಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೇಳಿದರೆ ಆ ಯೋಚನೆ ತಲೆಗೆ ಹೊಗುತ್ತದೆ ಅನ್ನೋದು ತಪ್ಪು ಕಲ್ಪನೆ. ಕೇಳಿದವರಿದ್ದಾರೆ ಅನ್ನುವುದೇ ಎಷ್ಟೋ ಸಲ ಜೀವ ಉಳಿಸುತ್ತದೆ.

ಈಗಾಗಲೇ ಮಾತ್ರೆ ತೆಗೆದುಕೊಳ್ಳುವವರು ನಡಿಗೆ ಶುರು ಮಾಡಿದ್ದೇನೆ ಅಂತ ಮಾತ್ರೆ ನಿಲ್ಲಿಸಬಾರದು. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಕೆಲವು ವಾರ ಬೇಕು. ಹುಷಾರಾದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕಾಗುತ್ತದೆ. ಯಾವಾಗ ನಿಲ್ಲಿಸಬೇಕು ಅನ್ನೋದನ್ನು ಡಾಕ್ಟರೇ ಹೇಳಬೇಕು.

ಬಳ್ಳಾರಿಗೆ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು ಅಂತ ತಡ ಮಾಡುವವರು ಮೊದಲು ಕಂಪ್ಲಿ ಸರ್ಕಾರಿ ಆಸ್ಪತ್ರೆಯಲ್ಲೇ ವಿಚಾರಿಸಿ, ಮನೋವೈದ್ಯರು ಬರುವ ದಿನ ಕೇಳಿಕೊಳ್ಳಿ. ಮನೆಯಿಂದಲೇ ಮಾತಾಡಬೇಕು ಅಂದರೆ ಟೆಲಿ ಮನಸ್ ಸಹಾಯವಾಣಿ 14416. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ರೋಗಿಯೇ ಮಾಡಬೇಕು ಅಂತಿಲ್ಲ, ಮನೆಯವರೂ ಮಾಡಿ ಏನು ಮಾಡಲಿ ಅಂತ ಕೇಳಬಹುದು.

ಲೈಟು, ಮೈದಾನ, ತರಬೇತಿ ಇವೆಲ್ಲ ಪುರಸಭೆ, ಆರೋಗ್ಯ ಇಲಾಖೆ ಮಾಡಬೇಕಾದ ಕೆಲಸ. ಅದನ್ನು ಕೇಳುತ್ತಲೇ ಇರೋಣ. ಅದು ಬರುವ ತನಕ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ನಿಮ್ಮ ಓಣಿಯಲ್ಲಿ ಮೊದಲು ಕಟ್ಟೆಗೆ ಬರುತ್ತಿದ್ದು ಈಗ ಕಾಣದೇ ಹೋದವರು ಯಾರಾದರೂ ಇದ್ದಾರಾ ನೋಡಿ. ನಾಳೆ ಸಂಜೆ ಚಪ್ಪಲಿ ಮೆಟ್ಟಿಕೊಂಡು ಅವರ ಬಾಗಿಲಿಗೆ ಹೋಗಿ, ‘ಅಡ್ಡಾಡಿ ಬಾ’ ಅನ್ನುವ ಬದಲು ‘ಬರ್ರಿ, ಅಡ್ಡಾಡಿ ಬರೋಣ’ ಅನ್ನಿ. ಮೊದಲ ದಿನ ‘ಬ್ಯಾಡ’ ಅಂದಾರು. ನಾಡಿದ್ದು ಮತ್ತೆ ಹೋಗಿ.